ಮೂವತ್ನಾಲ್ಕು ಗುಲಗಂಜಿ

ಧಾರವಾಡದ ಸಪ್ತಾಪುರದಲ್ಲಿ, ಗುರುಶಿದ್ದಪ್ಪ ಮಾಸ್ತರರ ಪಡಸಾಲೆಯಲ್ಲಿ, ಶನಿವಾರ ಮಧ್ಯಾಹ್ನ ಕಾದಂಬರಿಗಳನ್ನು ತೂಗುತ್ತಿದ್ದರು. ತೂಗುವುದೆಂದರೆ ಬರೀ ಮಾತಿಗೆ ಹೇಳಿದ್ದಲ್ಲ. ಜಮಖಾನೆಯ ಮೇಲೆ ಏಳು ಜನ ಓದುಗರು, ಒಬ್ಬೊಬ್ಬರ ಮುಂದೆ ಐದೈದು ಗುಲಗಂಜಿ, ನಡುವೆ ಒಂದು ಹಿತ್ತಾಳೆಯ ತಂಬಿಗೆ. ಚರ್ಚೆ ಮುಗಿದ ಮೇಲೆ ತಂಬಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಪುಸ್ತಕ ಯಾರಿಗೆ ಎಷ್ಟು ಹಿಡಿಸಿತೋ ಅಷ್ಟು ಗುಲಗಂಜಿ ಅದರೊಳಗೆ ಬೀಳುತ್ತಿದ್ದವು. "ಅಕ್ಕಸಾಲಿಗ ಬಂಗಾರ ತೂಗೂದು ಗುಲಗಂಜಿಲೇ. ಪುಸ್ತಕ ಬಂಗಾರಕ್ಕಿಂತ ಕಡಿಮಿ ಏನು?" ಎಂದು ಬಳಗ ಕಟ್ಟಿದ ದಿನವೇ ಮಾಸ್ತರರು ಅಪ್ಪಣೆ ಕೊಡಿಸಿದ್ದರು. ಮೂವತ್ತು ವರ್ಷ ಸಾಲಿ ಕಲಿಸಿ ನಿವೃತ್ತರಾದವರ ಬಾಯಿಂದ ಬಂದದ್ದು ಅಪ್ಪಣೆಯಲ್ಲದೆ ಮತ್ತೇನಾಗಿರಲು ಸಾಧ್ಯ?

ಹೀಗೆ ಲೆಕ್ಕ ಹಿಡಿದರೆ ಪೂರ್ಣ ತೂಕ ಮೂವತ್ತೈದು. ಆದರೆ ಆ ಭಾಗ್ಯ ಯಾವ ಕಾದಂಬರಿಗೂ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಏಕೆಂದರೆ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಕಸ್ತೂರೆವ್ವ ಅಕ್ಕೋರು, ಬಳಗದ ಒಬ್ಬಳೇ ಹೆಂಗಸು, ಎಂಥ ಪುಸ್ತಕಕ್ಕೂ ನಾಲ್ಕರ ಮೇಲೆ ಹಾಕಿದವರಲ್ಲ. ಕೇಳಿದರೆ, "ಬರದವರು ಇನ್ನೂ ಬದುಕ್ಯಾರಲ್ರಿ, ಮುಂದ ಬರಿಯೂದಕ್ಕ ಒಂದು ಬ್ಯಾಡೇನ್ರಿ?" ಅನ್ನುತ್ತಿದ್ದರು. ಕೋರ್ಟಿನ ಕಾರಕೂನ ಅರ್ಜುನಪ್ಪನವರದು ಇನ್ನೊಂದು ಬಗೆ. ಅವರಿಗೆ ಪುಸ್ತಕದಲ್ಲಿ ಒಂದು ತಪ್ಪು ಸಿಕ್ಕರೆ ಹಬ್ಬ, ಆ ತಪ್ಪಿಗೆ ಒಂದು ಗೂಢಾರ್ಥ ಸಿಕ್ಕರೆ ದೀಪಾವಳಿ.

ಎಂಟನೆಯವನೊಬ್ಬನಿದ್ದ. ಅವನು ಜಮಖಾನೆಯ ಮೇಲಲ್ಲ, ಪಡಸಾಲೆಯ ಮೆಟ್ಟಿಲ ಮೇಲೆ ಕೂಡುತ್ತಿದ್ದ. ಅವನೇ ಗಿರಿಯಪ್ಪ, ಪುಸ್ತಕ ಕಟ್ಟುವವನು. ಓದಿದ್ದು ನಾಲ್ಕನೆಯ ಇಯತ್ತೆ, ಆದರೆ ಊರಿನ ಅರ್ಧ ಕಪಾಟುಗಳ ಪುಸ್ತಕಗಳೆಲ್ಲ ಅವನ ಸೂಜಿಯ ಕೆಳಗೆ ಹಾದು ಬಂದಂಥವು. ಬಳಗದವರು ಯಾವ ಕಾದಂಬರಿಯನ್ನೂ ಒಂದೇ ಪ್ರತಿ ಕೊಳ್ಳುತ್ತಿದ್ದರು. ಒಂದು ಪ್ರತಿಯನ್ನು ಏಳು ಜನ ಓದಬೇಕೆಂದರೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಹೊಸ ಪುಸ್ತಕ ಬಂದೊಡನೆ ಗಿರಿಯಪ್ಪ ಅದರ ಹೊಲಿಗೆ ಬಿಚ್ಚಿ ಎರಡು ಭಾಗ ಮಾಡಿ, ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಹೆಸರು ಬರೆದು, ಮನೆಯಿಂದ ಮನೆಗೆ ಒಯ್ದು ಕೊಡುತ್ತಿದ್ದ. ಒಬ್ಬರು ಕೊನೆ ಓದುತ್ತಿದ್ದರೆ ಇನ್ನೊಬ್ಬರು ಆರಂಭ ಹಿಡಿದಿರುತ್ತಿದ್ದರು. ಎಲ್ಲರದೂ ಮುಗಿದು, ಪುಸ್ತಕ ತೂಗಿದ ಮೇಲೆ, ಮತ್ತೆ ಹೊಲಿದು ರಟ್ಟು ಹಾಕಿ ಮಾಸ್ತರರ ಕಪಾಟಿಗೆ ಸೇರಿಸುವುದೂ ಅವನ ಕೆಲಸವೇ.

ಆದರೆ ಕಂದು ಕಾಗದ ಹಾಕುವ ಮುಂಚೆ ಗಿರಿಯಪ್ಪ ಪುಸ್ತಕವನ್ನು ತಾನು ಓದದೆ ಬಿಡುತ್ತಿರಲಿಲ್ಲ. ಅಡುಗೆಯವಳು ಉಪ್ಪು ನೋಡಿದ ಹಾಗೆ ಎಂದು ಅವನ ಸಮಾಧಾನ. ಮೆಟ್ಟಿಲ ಮೇಲೆ ಕೂತು ಒಳಗಿನ ವಾದ ಕೇಳುವಾಗ ಎಷ್ಟೋ ಸಲ ಮಾತಾಡಲು ಅವನ ಬಾಯಿ ತುರಿಸುತ್ತಿತ್ತು. ಆದರೆ ಗುಲಗಂಜಿ ಇಲ್ಲದವನಿಗೆ ಮಾತೆಲ್ಲಿಯದು? ಎಂಟು ವರ್ಷ ಹೀಗೆ ಕೂತ ಮೇಲೆ, ಆ ಮಾಘದಲ್ಲಿ, ಮಾಸ್ತರರು ತಾವಾಗಿಯೇ ಹೇಳಿದ್ದರು: "ಗಿರಿಯಪ್ಪಾ, ಈ ಯುಗಾದಿಗೆ ನಿನಗೂ ಐದು ಗುಲಗಂಜಿ ಕೊಡೂದು ಅಂತ ಠರಾವು ಮಾಡೇವಿ." ಗಿರಿಯಪ್ಪ ಅಂದು ಮನೆಗೆ ಹೋದದ್ದು ನಡೆದೋ ಹಾರಿಯೋ ಅವನಿಗೇ ನೆನಪಿಲ್ಲ. ಮದುವೆ ಗೊತ್ತಾದ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ, ಈ ಮಾತು ಹೆಂಡತಿ ದಾನವ್ವನಿಗೆ ತಿಳಿಯದಿದ್ದರೆ ಒಳ್ಳೆಯದು.

ಅದೇ ತಿಂಗಳು ಎರಡು ಕಾದಂಬರಿ ಒಟ್ಟಿಗೆ ಬಂದವು. ಒಂದು 'ನಂದಿಹೋದ ನಂದಾದೀಪ', ಬರೆದವರು ವಿಜಾಪುರದ ತಮ್ಮಾಜಿರಾಯರು. ಅವರ ಹೆಸರು ಕೇಳಿದರೆ ಹೆಣ್ಣುಮಕ್ಕಳು ಮೊದಲೇ ಸೆರಗಿನ ತುದಿ ಕಣ್ಣಿಗೆ ಸಿದ್ಧವಾಗಿಟ್ಟುಕೊಳ್ಳುತ್ತಿದ್ದರು. ಇನ್ನೊಂದು 'ಬಂದಿತು ವಸಂತ'. ಇದು ಉಪ್ಪಿನಬೆಟಗೇರಿಯ ಬೀರಲಿಂಗಪ್ಪ ಎಂಬ ಸಾಲಿ ಮಾಸ್ತರ ಬರೆದದ್ದು. ಅವನ ಹೆಸರನ್ನು ಅವನ ಊರಿನಾಚೆ ಯಾರೂ ಕೇಳಿರಲಿಲ್ಲ. "ತಮ್ಮ ಬಳಗದ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಬೇಕು" ಎಂದು ಕಾಗದ ಬರೆದು ತಾನೇ ಪ್ರತಿ ಕಳಿಸಿದ್ದ.

ಎರಡೂ ಅಚ್ಚಾದದ್ದು ಹುಬ್ಬಳ್ಳಿಯ ಒಂದೇ ಮುದ್ರಣಾಲಯದಲ್ಲಿ. ಅದೇ ಕಾಗದ, ಅದೇ ಅಚ್ಚಿನ ಮೊಳೆ, ಅದೇ ಅಳತೆ. ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಹಾಕುವ ರೂಢಿ ಆ ಮುದ್ರಣಾಲಯಕ್ಕಿರಲಿಲ್ಲ. ಹದಿನಾರು ಪುಟದ ಒಂದು ಮಡಿಕೆಗೆ ಫಾರಮು ಅನ್ನುತ್ತಾರೆ. ಪ್ರತಿ ಫಾರಮಿನ ಬುಡದಲ್ಲಿ ಸಣ್ಣಗೆ ಅದರ ಸಂಖ್ಯೆ ಇರುತ್ತದೆ, ಕಟ್ಟುವವನಿಗೆ ಅದೇ ದಾರಿಯ ಕಲ್ಲು. ಎರಡು ಪುಸ್ತಕಕ್ಕೂ ಹನ್ನೆರಡು ಹನ್ನೆರಡು ಫಾರಮು. ಇನ್ನು ಕಥೆ ನೋಡಿದರೆ ಎರಡರಲ್ಲೂ ನಾಯಕ ಮಾಧವ, ನಾಯಕಿ ಸರಳಾ. ಆ ಕಾಲದಲ್ಲಿ ನಾಯಕನಿಗೆ ಬೇರೆ ಹೆಸರಿಟ್ಟರೆ ಓದುಗರು ಗುರುತು ಹಿಡಿಯಲಾರರು ಎಂದು ಲೇಖಕರಿಗೆ ಭಯವಿತ್ತೇನೋ. ಆರನೆಯ ಫಾರಮು ಮುಗಿಯುವ ಹೊತ್ತಿಗೆ ಎರಡೂ ಪುಸ್ತಕದಲ್ಲಿ ಮಾಧವ ಕಲಿಯಲು ಪುಣೆಗೆ ಹೋಗಿ ಕಾಗದ ಬರೆಯುವುದನ್ನು ಬಿಟ್ಟಿರುತ್ತಾನೆ. ಪುಣೆಗೆ ಹೋದ ಮಾಧವರೆಲ್ಲ ಆಗ ಅದನ್ನೇ ಮಾಡುತ್ತಿದ್ದರು.

ಗಿರಿಯಪ್ಪ ಎರಡನ್ನೂ ಓದಿದ. ರಾಯರ ಸರಳಾ ಕೊನೆಗೆ ಬಾವಿಯ ಕಟ್ಟೆ ಹತ್ತಿ ಧುಮುಕುತ್ತಾಳೆ. ಬೀರಲಿಂಗಪ್ಪನ ಸರಳೆಯೂ ಬಾವಿಯ ಕಟ್ಟೆ ಏರುತ್ತಾಳೆ, ಆದರೆ ಒಂದು ಕೊಡ ನೀರು ಸೇದಿ, ಮುಖ ತೊಳೆದು, ಹೊಟ್ಟೆತುಂಬ ಕುಡಿದು, ಬಂಡಿ ಕಟ್ಟಿಸಿಕೊಂಡು ಬೆಳಗಾವಿಗೆ ಹೋಗಿ ಅಕ್ಕೋರಾಗುತ್ತಾಳೆ. ಮರುವರ್ಷ ಹುಡುಕಿಕೊಂಡು ಬಂದ ಮಾಧವನಿಗೆ, "ಸಾಲಿ ಬಿಡೂತನಕ ಹೊರಗ ಕೂಡ್ರಿ" ಅನ್ನುತ್ತಾಳೆ. ಆ ಮಾತು ಓದಿ ಗಿರಿಯಪ್ಪ ಚಾಪೆಯ ಮೇಲೆ ಒಬ್ಬನೇ ಬಿದ್ದು ಬಿದ್ದು ನಕ್ಕ. ಎರಡೂ ಪುಸ್ತಕದ ಫಾರಮುಗಳು ಅವನ ಸುತ್ತ ಹರಡಿದ್ದವು. ಒಳಗಿನಿಂದ ದಾನವ್ವ, "ರೊಟ್ಟಿ ಆರಾಕತ್ತಾವು, ಇನ್ನ ಬರ್ತೀರೋ ಇಲ್ಲೋ?" ಎಂದು ಮೂರನೆಯ ಸಲ ಕೂಗಿದಳು. ಮೂರನೆಯ ಕೂಗಿಗೆ ಏಳದಿದ್ದರೆ ಏನಾಗುತ್ತದೆಂದು ಗೊತ್ತಿದ್ದ ಗಿರಿಯಪ್ಪ ದಡಬಡಿಸಿ ಎದ್ದು, ಸಂಖ್ಯೆ ನೋಡಿ, ಒಂದರಿಂದ ಆರು, ಏಳರಿಂದ ಹನ್ನೆರಡು ಎಂದು ಜೋಡಿಸಿ, ಹೊದಿಕೆ ಹಾಕಿ ಹೆಸರು ಬರೆದುಬಿಟ್ಟ. ಸಂಖ್ಯೆಯೇನೋ ತಪ್ಪಿರಲಿಲ್ಲ. ತಪ್ಪಿದ್ದು ಪುಸ್ತಕ.

ಫಾಲ್ಗುಣದ ಒಂದು ಶನಿವಾರ ಎರಡನ್ನೂ ತೂಗಲು ಇಟ್ಟರು. ಮೊದಲು 'ಬಂದಿತು ವಸಂತ'.

"ವಸಂತ ಬಂದಿತಂತ, ಎಲ್ಲೇ ಬಂದಿತ್ರೀ?" ಎಂದು ಅರ್ಜುನಪ್ಪ ಶುರು ಮಾಡಿದರು. "ಬಾವ್ಯಾಗ ಬಂದಿತೇನು? ಅಷ್ಟು ಧೈರ್ಯದ ಹುಡುಗಿ ಒಮ್ಮಿಂದೊಮ್ಮೆ ಚೀರಿ ಬಾವಿ ಬಿದ್ದಳಂತ! ಈ ಕೊನಿ ಬರದವನ್ನs ಬಾವ್ಯಾಗ ಎರಡು ಮುಳುಗು ಹಾಕಿಸಬೇಕ್ರಿ."

ಮೆಟ್ಟಿಲ ಮೇಲಿದ್ದ ಗಿರಿಯಪ್ಪ ಒಳಗೆ ಕತ್ತು ಚಾಚಿದ. ಬಾವಿ ಬಿದ್ದಳೇ? ಈ ಪುಸ್ತಕದಲ್ಲೇ? ತಂಬಿಗೆ ತಿರುಗಿ ಬಂದಾಗ ಅದರಲ್ಲಿ ಒಂಬತ್ತು ಗುಲಗಂಜಿಗಳಿದ್ದವು. ಬಳಗದ ಇತಿಹಾಸದಲ್ಲೇ ಅಷ್ಟು ಹಗುರಾದ ಕಾದಂಬರಿ ಬಂದಿರಲಿಲ್ಲ.

ಆಮೇಲೆ 'ನಂದಿಹೋದ ನಂದಾದೀಪ'. ಮಾಸ್ತರರ ಕಣ್ಣಲ್ಲಿ ನೀರೇ ಬಂತು. "ಬಾವಿ ಕಟ್ಟಿ ಮ್ಯಾಲ ನಿಂತ ಹುಡುಗಿ ಕೊಡ ಇಳಿಬಿಟ್ಟು ನೀರು ಸೇದತಾಳ! ಇಡೀ ಕರ್ನಾಟಕದಾಗ ಯಾವನಾದರೂ ಇಂಥಾದ್ದು ಬರದಾನೇನು?"

"ಆದ್ರ ದೀಪ ಎಲ್ಲೇ ನಂದಿತ್ರಿ, ಮಾಸ್ತರ?" ಎಂದು ಕಸ್ತೂರೆವ್ವ ಕೇಳಿದರು. "ಕೊನೀಗೆ ಛಲೋ ಉರಿಯಾಕತ್ತೈತಿ. ಮತ್ತ ಅತ್ತಿ ಹೆಸರು ಮೊದಲಿಗೆ ತುಂಗಾಬಾಯಿ, ಆಮ್ಯಾಲ ಗಂಗಾಬಾಯಿ."

ಅರ್ಜುನಪ್ಪನವರಿಗೆ ದೀಪಾವಳಿ ಬಂತು. "ಅಕ್ಕೋರs, ಅಲ್ಲೇ ಐತಿ ರಾಯರ ಕೌಶಲ್ಯ! ನಂದಿದ್ದು ಗಂಡಿನ ಅಹಂಕಾರದ ದೀಪ. ಇನ್ನ ಹೆಸರು, ತುಂಗಾ ಆದರೇನು ಗಂಗಾ ಆದರೇನು, ಎರಡೂ ನದಿ. ಅತ್ತಿ ಸ್ವಭಾವ ಹರದು ಬದಲಾತು ಅಂತ ಸೂಚನಾ."

ಏಳು ಜನ ಓದಿದವರು ತಲೆದೂಗಿದರು. ಓದು ಹೆಚ್ಚಾದರೆ ಕಣ್ಣೆದುರಿನ ಹೊಲಿಗೆ ಕಾಣುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಂಬಿಗೆಯಲ್ಲಿ ಮೂವತ್ನಾಲ್ಕು ಬಿದ್ದವು. ಮಾಸ್ತರರು ಎದ್ದು ನಿಂತು, ಯುಗಾದಿಗೆ ರಾಯರನ್ನು ಕರೆಸಿ ಶಾಲು ಹೊದಿಸುವುದೆಂದು ಘೋಷಿಸಿದರು. "ಅವತ್ತs ಅವರ ಕೈಲೇ ಗಿರಿಯಪ್ಪಗ ಐದು ಗುಲಗಂಜಿ ಕೊಡಸೂದು!"

ಹೇಳಬೇಕೆಂದು ಗಿರಿಯಪ್ಪ ಎರಡು ಸಲ ಬಾಯಿ ತೆರೆದ. ಆದರೆ ಎಂಟು ವರ್ಷದ ಮೆಟ್ಟಿಲು ನೆನಪಾಯಿತು. ಗುಲಗಂಜಿಯಷ್ಟೇ ಅಲ್ಲ, ಪುಸ್ತಕ ಕಲಸಿದ ಕೈಗೆ ಮುಂದೆ ಯಾರು ಪುಸ್ತಕ ಕೊಟ್ಟಾರು? ಬಾಯಿ ಮುಚ್ಚಿತು. ಇದರ ಮೇಲೆ ಇನ್ನೊಂದು ಕಷ್ಟ. ಅಲ್ಲೇ ಬರೆದ ಎರಡು ಕಾರ್ಡುಗಳನ್ನು ಟಪಾಲು ಪೆಟ್ಟಿಗೆಗೆ ಹಾಕಲು ಮಾಸ್ತರರು ಅವನ ಕೈಗೇ ಕೊಟ್ಟರು. ಒಂದರಲ್ಲಿ ರಾಯರಿಗೆ ಆಮಂತ್ರಣ. ಇನ್ನೊಂದರಲ್ಲಿ ಬೀರಲಿಂಗಪ್ಪನಿಗೆ ಎರಡು ಸಾಲು: "ತಮ್ಮ ಗ್ರಂಥಕ್ಕೆ ಒಂಬತ್ತು ಗುಲಗಂಜಿ ಬಂದಿರುತ್ತವೆ. ಇನ್ನು ಮುಂದೆ ತಾವು ಸಾಲಿಯ ಕಡೆಗೇ ಹೆಚ್ಚು ಲಕ್ಷ್ಯ ಕೊಡುವುದು ಲೇಸು." ಪೆಟ್ಟಿಗೆಯ ಮುಂದೆ ಗಿರಿಯಪ್ಪ ಬಹಳ ಹೊತ್ತು ನಿಂತ. ಆಮೇಲೆ ಎರಡನ್ನೂ ಹಾಕಿದ. ಹಾಕಿದ ಮೇಲೆ ಕೈ ಒಳಗೆ ಹೋಗುತ್ತದೆಯೇ ಎಂದೂ ನೋಡಿದ.

ಮನೆಗೆ ಬಂದು ಅವನು ಮಾಡಿದ ಮೊದಲ ಕೆಲಸವೆಂದರೆ ಎರಡು ಪುಸ್ತಕಗಳನ್ನೂ ಸರಿಯಾಗಿ ಜೋಡಿಸಿ ಹೊಲಿದದ್ದು. ಇಷ್ಟು ಬಿಗಿಯಾಗಿ ಅವನು ಯಾವ ಪುಸ್ತಕವನ್ನೂ ಹೊಲಿದಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಒಂದು ವಾರ ಅನ್ನ ಸೇರಲಿಲ್ಲ. ಎಂಟನೆಯ ದಿನ ದಾನವ್ವನ ಮುಂದೆ ಎಲ್ಲವನ್ನೂ ಕಕ್ಕಿದ.

ದಾನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. "ತಪ್ಪು ಮಾಡಿದ್ದು ಕೈ. ಬಾಯಿ ಯಾಕ ಮುಚ್ಚಿಕೊಂಡೈತಿ?"

"ಗುಲಗಂಜಿ ಹೋಗ್ತಾವಲ್ಲೇ."

"ಹೋದರ ನನ್ನ ತವರ್ಯಾಗ ಬೇಲಿ ತುಂಬ ಐದಾವು, ಸೇರುಗಟ್ಟಲೆ ತಂದು ಕೊಡ್ತೇನಿ," ಎಂದಳು ದಾನವ್ವ. ಗಿರಿಯಪ್ಪನಿಗೆ ನಗು ಬರಲಿಲ್ಲ. ಬೇಲಿಯ ಗುಲಗಂಜಿಗೂ ತಂಬಿಗೆಯ ಗುಲಗಂಜಿಗೂ ಇರುವ ಅಂತರವನ್ನು ಇವಳಿಗೆ ಹೇಗೆ ತಿಳಿಸುವುದು?

ಯುಗಾದಿ ಬಂತು. ಹೋಳಿಗೆ ಉಂಡು ಎಲ್ಲರೂ ಮಾಸ್ತರರ ಪಡಸಾಲೆಯಲ್ಲಿ ಸೇರಿದರು. ತಮ್ಮಾಜಿರಾಯರು ಗುಂಡಗೆ, ಕೆಂಪಗೆ, ನಗುಮುಖದವರು. ಇಷ್ಟೊಂದು ಜನರನ್ನು ಅಳಿಸಿದವರು ಇವರೇ ಎಂದರೆ ನಂಬುವ ಹಾಗಿರಲಿಲ್ಲ. ಗಿರಿಯಪ್ಪ ಮೆಟ್ಟಿಲ ಮೇಲೆ ಕೊನೆಯ ಸಲ ಕೂತಿದ್ದ, ಹಾಗೆಂದು ಎಲ್ಲರೂ ತಿಳಿದಿದ್ದರು. ಒಳಗೆ ಜಮಖಾನೆಯ ಮೇಲೆ ಎಂಟನೆಯ ಜಾಗ ಬಿಟ್ಟಿದ್ದರು.

ಶಾಲು ಹೊದಿಸಿ ಮಾಸ್ತರರು ಭಾಷಣ ಹೂಡಿದರು. "ಎಲ್ಲಾರೂ ಹುಡುಗ್ಯಾರನ್ನ ಬಾವ್ಯಾಗ ದೂಡತಾರ. ನಮ್ಮ ರಾಯರು ಒಬ್ಬರs ಆಕಿ ಕೈಗೆ ಹಗ್ಗ ಕೊಟ್ಟು ನೀರು ಸೇದಿಸ್ಯಾರ!"

ರಾಯರ ನಗು ಸ್ವಲ್ಪ ಕುಂದಿತು. ತಮ್ಮನ್ನು ಹೊಗಳುತ್ತಿದ್ದಾರೋ ಹಂಗಿಸುತ್ತಿದ್ದಾರೋ ತಿಳಿಯದೆ ಅವರು ಕಸ್ತೂರೆವ್ವನವರ ಕಡೆ ನೋಡಿದರು. ಅಷ್ಟರಲ್ಲಿ ಮಾಸ್ತರರು, "ಆ ಕೊನೀ ಪುಟಾ ಓದಿ ತೋರಸ್ತೇನಿ, ಕೇಳ್ರಿ," ಎಂದು ಕಪಾಟಿನಿಂದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು. ಗಿರಿಯಪ್ಪ ಕಣ್ಣು ಮುಚ್ಚಿದ.

"'ಸರಳೆಯು ಬಾವಿಯ ಕಟ್ಟೆಯನ್ನೇರಿದಳು. ಕೆಳಗೆ ಕಪ್ಪನೆಯ ನೀರು. ಮಾಧವಾ ಎಂದು ಒಮ್ಮೆ ಚೀರಿ...'" ಮಾಸ್ತರರ ದನಿ ಅಲ್ಲೇ ಹೂತುಹೋಯಿತು. ಒಂದು ಪುಟ ಹಿಂದೆ ತಿರುವಿದರು, ಒಂದು ಪುಟ ಮುಂದೆ ತಿರುವಿದರು, ಪುಸ್ತಕವನ್ನು ಮಗುಚಿ ರಟ್ಟಿನ ಹೆಸರು ನೋಡಿದರು.

"'...ಧುಮುಕಿದಳು. ನಂದಾದೀಪವು ನಂದಿತು,'" ಎಂದು ರಾಯರೇ ಬಾಯಿಪಾಠ ಮುಗಿಸಿದರು. "ಯಾಕ್ರಿ ಮಾಸ್ತರ, ಅಲ್ಲೇ ನಿಂತ್ರಿ?"

ಕೋರ್ಟಿನ ಬುದ್ಧಿ ಮೊದಲು ಚೇತರಿಸಿಕೊಂಡಿತು. "ಇದು ಮುದ್ರಣಾಲಯದವರ ಮೋಸರಿ!" ಎಂದು ಅರ್ಜುನಪ್ಪ ಗುಡುಗಿದರು. "ನಾವು ಏಳು ಮಂದಿ ಓದಿದ್ದು ಸುಳ್ಳಾಗಾಕ ಸಾಧ್ಯನs ಇಲ್ಲ. ನಾಳೇನ ಅವರಿಗೊಂದು ನೋಟೀಸು ಕಳಸೋಣ." ಉಳಿದವರೆಲ್ಲ ಹೌದು ಹೌದು ಅಂದರು. ಮಾಸ್ತರರಿಗೂ ಹೋದ ಜೀವ ಬಂದಂತಾಯಿತು.

ಗಿರಿಯಪ್ಪನಿಗೆ ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ಸುಮ್ಮನೆ ಕೂತರೆ ಸಾಕು, ತಪ್ಪು ಹುಬ್ಬಳ್ಳಿಗೆ ಹೋಗುತ್ತದೆ, ಗುಲಗಂಜಿ ಕೈಗೆ ಬರುತ್ತವೆ. ಆದರೆ ಉಪ್ಪಿನಬೆಟಗೇರಿಯಲ್ಲಿ ಒಬ್ಬ ಮಾಸ್ತರ ಒಂಬತ್ತು ಗುಲಗಂಜಿಯ ಕಾರ್ಡು ಹಿಡಿದು ಹಬ್ಬದ ದಿನ ಏನು ಉಂಡಿರಬಹುದು? ಗಿರಿಯಪ್ಪ ಎದ್ದ. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತು ಕೈ ಮುಗಿದ.

"ಮುದ್ರಣಾಲಯದವರದು ಏನೂ ತಪ್ಪಿಲ್ರಿ. ತಪ್ಪು ನಂದು. ಎರಡೂ ಪುಸ್ತಕ ನಾ ಮೊದಲ ಓದಿ, ಏಳನೇ ಫಾರಮಿಂದ ಅತ್ತಾಗಿಂದು ಅದಲುಬದಲು ಕಟ್ಟಿ ನಿಮಗ ಕೊಟ್ಟೆ. ನೀವು ಮೂವತ್ನಾಲ್ಕು ಹಾಕಿದ ಕೊನಿ ಬೀರಲಿಂಗಪ್ಪ ಮಾಸ್ತರದ್ರಿ. ಗೊತ್ತಾದ ಮ್ಯಾಲೂ ಸುಮ್ಮನ ಸರಿಮಾಡಿ ಹೊಲದು ಇಟ್ಟೆ. ಗುಲಗಂಜಿ ಆಸೇಕ ಬಾಯಿ ಮುಚ್ಚಿಕೊಂಡ್ನಿರಿ."

ರಾಯರು ಮೆಲ್ಲಗೆ ಕೇಳಿದರು, "ಹಂಗಾದರ ನಾ ಬರದ ಕೊನಿ ಆ ಇನ್ನೊಂದು ಪುಸ್ತಕದಾಗ ಇತ್ತು ಅಂದಂಗಾತು. ಅದಕ್ಕ ಎಷ್ಟು ಬಿದ್ದವು?"

ಮಾಸ್ತರರು ಛಾವಣಿ ನೋಡಿದರು. ಅರ್ಜುನಪ್ಪನವರಿಗೆ ತಮ್ಮ ಪೇಟದಲ್ಲಿ ಏನೋ ಹುಡುಕುವುದಿತ್ತು. ಕೊನೆಗೆ ಕಸ್ತೂರೆವ್ವನೇ ಹೇಳಿದರು. "ಒಂಬತ್ತು ಬಿದ್ದವ್ರಿ. ಬರದವರನ್ನ ಬಾವ್ಯಾಗ ಎರಡು ಮುಳುಗು ಹಾಕಸಬೇಕು ಅಂತನೂ ಒಂದು ಸೂಚನಾ ಬಂದಿತ್ತು."

ರಾಯರ ಹೊಟ್ಟೆ ಅಲುಗತೊಡಗಿತು, ಶಾಲು ಜಾರಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಖರೇ ಹೇಳ್ತೇನ್ರಿ, ನಾಲ್ಕು ಕಾದಂಬರಿಯೊಳಗ ನಾಲ್ಕು ಹುಡುಗ್ಯಾರನ್ನ ಬಾವಿಗೆ ಹಾಕೇನಿ. ಕೊನಿ ಹೊಳೀಲಿಲ್ಲಂದ್ರ ನನಗ ಬಾವಿನs ಕಾಣಸ್ತದ. ಎಲ್ಲಾರೂ ಅತ್ತರು, ಹಾರ ಹಾಕಿದರು, ಹಿಂಗ ಒಬ್ಬರೂ ಹೇಳಲಿಲ್ಲ." ಅವರು ಮೆಟ್ಟಿಲ ಕಡೆ ತಿರುಗಿದರು. "ಇಲ್ಲಿ ಎರಡೂ ಪುಸ್ತಕ ಬರೋಬ್ಬರಿ ಓದಿದಾಂವ ನೀ ಒಬ್ಬಾವನs ಇದ್ದೀ. ಹೇಳು, ಎಷ್ಟು ಹಾಕ್ತಿ?"

ಗಿರಿಯಪ್ಪ ಮಾಸ್ತರರ ಮುಖ ನೋಡಿದ. ಅವರ ಮುಖ ಇನ್ನೂ ಗಂಟಿಕ್ಕಿತ್ತು. ತಪ್ಪಿಗಿಂತ ಮುಚ್ಚಿಟ್ಟದ್ದು ಅವರನ್ನು ಹೆಚ್ಚು ನೋಯಿಸಿತ್ತು. ಕೊನೆಗೆ ಅವರು ಕನ್ನಡಕ ಇಳಿಸಿ, "ನಾವು ಏಳೂ ಮಂದಿ ಹೊಲಿಗಿ ಕಾಣದs ಗೂಢಾರ್ಥ ಹುಡುಕಿದಿವಿ. ಗುಲಗಂಜಿಗೆ ತನ್ನ ಕಪ್ಪು ಕಾಣೂದಿಲ್ಲ," ಅಂದರು. ತುಸು ಸರಿದು ಜಮಖಾನೆ ತಟ್ಟಿದರು. "ಬಾ, ಮ್ಯಾಲ ಬಾ. ಇನ್ನೊಮ್ಮೆ ಮುಚ್ಚಿಟ್ಟರ ಮಾತ್ರ ನಿನ್ನನ್ನs ಹೊಲದು ಕಪಾಟಿನ್ಯಾಗ ಇಡತೇನಿ."

ಐದು ಗುಲಗಂಜಿಯನ್ನು ರಾಯರೇ ಅವನ ಅಂಗೈಯಲ್ಲಿ ಸುರಿದರು. ಗಿರಿಯಪ್ಪ ಒಂದೊಂದಾಗಿ ಎಣಿಸಿಕೊಂಡ. ರಾಯರ ಪುಸ್ತಕಕ್ಕೆ ಎರಡು ಹಾಕಿದ. ಎದುರಿಗೇ ಶಾಲು ಹೊದ್ದು ಕೂತವರಿಗೆ! ತಂಬಿಗೆ ಬರಿದು ಮಾಡಿ, ಐದನ್ನೂ ಮತ್ತೆ ಕೈಗೆ ತೆಗೆದುಕೊಂಡು, ಬೀರಲಿಂಗಪ್ಪನ ಪುಸ್ತಕಕ್ಕೆ ನಾಲ್ಕು ಹಾಕಿದ. ತೂಕ ಮುಗಿದ ಮೇಲೆ ರಾಯರು ತಮ್ಮ ಲೆಕ್ಕದ ಎರಡನ್ನು ಕೇಳಿ ಪಡೆದು ಜೇಬಿಗೆ ಹಾಕಿಕೊಂಡು, ಶಾಲಿಗಿಂತ ಇವೇ ಬೆಚ್ಚಗಿವೆ ಅಂದರು. ಅಂದೇ ಸಂಜೆ ಉಪ್ಪಿನಬೆಟಗೇರಿಗೆ ಹೊಸ ಕಾರ್ಡು ಹೋಯಿತು. ಏಳು ಜನರ ಕ್ಷಮಾಪಣೆ ಅಷ್ಟು ಸಣ್ಣ ಕಾರ್ಡಿನಲ್ಲಿ ಹಿಡಿಸಬೇಕಾದರೆ ಅರ್ಜುನಪ್ಪನವರು ಕೋರ್ಟಿನ ಸಣ್ಣಕ್ಷರದಲ್ಲಿ ಬರೆಯಬೇಕಾಯಿತು. ಕೊನೆಗೆ ಉಳಿದ ಒಂದು ಮೂಲೆಯಲ್ಲಿ ಗಿರಿಯಪ್ಪನ ನಾಲ್ಕು ಗುಲಗಂಜಿಯ ವಿಷಯವೂ ಸೇರಿತು.

ಮುಂದಿನ ಶನಿವಾರ ಚರ್ಚೆ ಆಗತಾನೆ ಶುರುವಾಗಿತ್ತು. ಧೂಳು ಮೆತ್ತಿದ ಚಪ್ಪಲಿ, ಬಗಲಲ್ಲಿ ಕೊಡೆ, ಕೈಯಲ್ಲಿ ಆ ಕಾರ್ಡು ಹಿಡಿದ ತೆಳ್ಳನೆಯ ಮನುಷ್ಯನೊಬ್ಬ ಮೆಟ್ಟಿಲ ಬಳಿ ಬಂದು ನಿಂತ. ತಾನು ಬೀರಲಿಂಗಪ್ಪ ಎಂದ. ಮಾಸ್ತರರು ಗಡಬಡಿಸಿ ಏಳಹೋದರು, ಅರ್ಜುನಪ್ಪ ಸ್ವಾಗತದ ಮಾತಿಗೆ ಬಾಯಿ ತೆರೆದರು. ಬಂದವನು ಅವರಿಗೆಲ್ಲ ಒಂದೇ ನಮಸ್ಕಾರ ಹಾಕಿ ಕೇಳಿದ, "ಇಲ್ಲೇ ಗಿರಿಯಪ್ಪನವರು ಅಂದರ ಯಾರ್ರಿ?"

ಗಿರಿಯಪ್ಪನಿಗೆ ತನ್ನ ಹೆಸರಿನ ಗುರುತೇ ಸಿಗಲಿಲ್ಲ. ಆ ಊರಿನಲ್ಲಿ ಅವನನ್ನು ಬಹುವಚನದಲ್ಲಿ ಕರೆದವರು ಹೆಂಡತಿ ಬಿಟ್ಟರೆ ಯಾರೂ ಇರಲಿಲ್ಲ. "ನಾನs ರಿ," ಅಂದ. ಬೈಸಿಕೊಳ್ಳಲು ಸಿದ್ಧನಾಗಿ ತಲೆ ತಗ್ಗಿಸಿದ.

"ನನ್ನ ಪುಸ್ತಕಕ್ಕ ನಾಲ್ಕು ಹಾಕೀರಂತ," ಎಂದ ಬೀರಲಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹದಿನಾಲ್ಕು ಮೈಲಿ ತಡೆದಿಟ್ಟುಕೊಂಡು ಬಂದ ಆತುರವಿತ್ತು. "ಒಂದು ಯಾಕ ಕಡಿಮಿ ಮಾಡಿದ್ರಿ?"

ಗಿರಿಯಪ್ಪ ತಲೆ ಎತ್ತಿದ. ಎಂಟು ವರ್ಷ ಮೆಟ್ಟಿಲ ಮೇಲೆ ನುಂಗಿದ ಮಾತೆಲ್ಲ ಗಂಟಲಿಗೆ ಬಂತು, ಆದರೆ ಅವನಿಗೆ ಆತುರವಿರಲಿಲ್ಲ. ಎದ್ದು ಕಪಾಟಿನಿಂದ ಪುಸ್ತಕ ತೆಗೆದ. ಹುಡುಕದೆಯೇ ಪುಟ ತೆರೆದು ಜಮಖಾನೆಯ ಮೇಲೆ ಇಟ್ಟ.

"ಕೂಡ್ರಿ, ಹೇಳ್ತೇನಿ. ಸರಳಾ ಮುಂಜಾನೆ ಬಂಡಿ ಕಟ್ಟಿಸ್ಯಾಳ, ಅವತ್ತs ಸಂಜೀಕ ಬೆಳಗಾವಿ ಮುಟ್ಯಾಳ. ಆಕಿ ಹೊಟ್ಟಿತುಂಬ ನೀರು ಕುಡದು ಹೊಂಟಾಳ, ಖರೇ. ಆದರ ಅಷ್ಟು ದಾರಿಯೊಳಗ ಎತ್ತಿಗೆ ಎಲ್ಲೂ ಒಂದು ಗುಟುಕು ನೀರು ಕುಡಿಸಿಲ್ರಿ ನೀವು."

ಬೀರಲಿಂಗಪ್ಪ ಪುಟದ ಮೇಲೆ ಬಗ್ಗಿದ, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಒಕ್ಕಲುತನದ ಊರಿನವನು, ಮುಖ ಕೆಂಪಾಯಿತು. "ಅಯ್ಯ, ಹೌದಲ್ರಿ!" ಎಂದು ತೊಡೆ ತಟ್ಟಿಕೊಂಡ. ಜೇಬಿನಿಂದ ಪೆನ್ಸಿಲು ತೆಗೆದು, ಗಿರಿಯಪ್ಪನವರ ಪಕ್ಕಕ್ಕೆ ಸರಿದು ಕೂತು ಕೇಳಿದ, "ಕಿತ್ತೂರಾಗ ಕುಡಿಸಲೇನ್ರಿ?"